ಎರವಿನ ಪುಸ್ತಕ, ಸ್ವಂತದ ಕೈಕೆಲಸ

ಮನೆಗಂದಾಯದ ರಶೀದಿಯನ್ನು ಓದುವ ಪದ್ಧತಿ ನಮ್ಮ ಸಂಸಾರಗಳಲ್ಲಿ ಇಲ್ಲ. ಯಜಮಾನರು ಏಪ್ರಿಲ್ ತಿಂಗಳೊಳಗೆ ಹಣ ಕಟ್ಟಿ, ನೂರಕ್ಕೆ ಐದರ ರಿಯಾಯಿತಿಯನ್ನು ಗಿಟ್ಟಿಸಿಕೊಂಡೆವೆಂಬ ತೃಪ್ತಿಯಿಂದ ಆ ಕಾಗದವನ್ನು ಮಡಿಸಿ ಬೀರುವಿನಲ್ಲಿ ಇಟ್ಟರೆಂದರೆ, ಬರುವ ವರ್ಷದ ಏಪ್ರಿಲ್ಲಿನವರೆಗೆ ಅದು ಬೆಳಕು ಕಾಣುವುದಿಲ್ಲ. ಆದರೂ ವಾಚಕ ಸೋದರಿಯರು ಒಂದು ದಿನ ಬಿಡುವು ಮಾಡಿಕೊಂಡು ಆ ಲೆಕ್ಕದ ಒಳಹೊರಗನ್ನು ವಿಚಾರಿಸಬೇಕೆಂದು ನಮ್ಮ ಬಿನ್ನಹ. ಕಂದಾಯದ ಮೇಲೆ ಸೇರಿಸುವ ಉಪಕರಗಳಲ್ಲಿ ಆರೋಗ್ಯದ್ದು ಒಂದು, ಭಿಕ್ಷುಕರ ಪೋಷಣೆಯದು ಒಂದು, ಗ್ರಂಥಾಲಯದ್ದು ಒಂದು. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿಯಂತೆ ನಾವು ಪ್ರತಿವರ್ಷವೂ ಪುಸ್ತಕಭಂಡಾರಕ್ಕಾಗಿ ತೆರುತ್ತಿದ್ದೇವೆ. ಹಾಲಿನವನ ಲೆಕ್ಕದಲ್ಲಿ ಅರ್ಧ ಲೀಟರು ಹೆಚ್ಚು ಬರೆದಿದ್ದರೆ ಬಾಗಿಲಲ್ಲಿಯೇ ನಿಲ್ಲಿಸಿ ಕೇಳುವ ನಾವು, ಈ ಆರು ರೂಪಾಯಿಗೆ ಪ್ರತಿಯಾಗಿ ಏನು ಬಂದಿತೆಂದು ಕೇಳಿದವರಲ್ಲ.

ಸ್ವಂತ ಮನೆಯಿಲ್ಲದವರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಪುಟ ತಿರುವಬಾರದು. ಮನೆಯೊಡೆಯನು ತಾನು ಕಟ್ಟಿದ ಕಂದಾಯವನ್ನು ಬಾಡಿಗೆಯೊಳಗೆ ಸೇರಿಸದೆ ಬಿಡುವಷ್ಟು ವಿರಕ್ತನೆಂದು ನಾವು ಎಲ್ಲಿಯೂ ಕೇಳಿಲ್ಲ. ಆದುದರಿಂದ ಒಂದು ಕೋಣೆ, ಒಂದು ಅಡುಗೆಮನೆಯ ವಠಾರದಲ್ಲಿ ಇರುವವರೂ ಪುಸ್ತಕಭಂಡಾರಕ್ಕೆ ತಮ್ಮ ಪಾಲನ್ನು ಕೊಟ್ಟವರೇ.

ಈ ಏರ್ಪಾಡು ಹೇಗೆ ಬಂದಿತೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುವೆವು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರು ಸಂಸ್ಥಾನದ ದಿವಾನರಾಗಿದ್ದಾಗ, 1914–15ರ ಸುಮಾರಿಗೆ, ಬೆಂಗಳೂರಿಗೊಂದು ಮೈಸೂರಿಗೊಂದು ಸಾರ್ವಜನಿಕ ಪುಸ್ತಕಭಂಡಾರಗಳು ಹುಟ್ಟಿದುವು. ಬೆಂಗಳೂರಿನದು ಕಬ್ಬನ್ ಪಾರ್ಕಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ, ರಾಜ್ಯ ಕೇಂದ್ರ ಗ್ರಂಥಾಲಯವೆಂಬ ಹೆಸರಿನಿಂದ ಇಂದಿಗೂ ನಡೆಯುತ್ತಿದೆ. ಆದರೆ ದಿವಾನರ ದೂರದೃಷ್ಟಿಯಿಂದ ಬಂದ ಪುಸ್ತಕಭಂಡಾರ ಬೇರೆ, ಪ್ರಜೆಗಳು ತಾವೇ ತೆರಿಗೆ ತೆತ್ತು ನಡೆಸುವ ಪುಸ್ತಕಭಂಡಾರ ಬೇರೆ. ಸ್ವತಂತ್ರ ಭಾರತದಲ್ಲಿ ಇದಕ್ಕೆಂದು ಕಾಯಿದೆ ಮಾಡಿದವರಲ್ಲಿ ಮದರಾಸಿನವರು ಮೊದಲಿಗರು. ಅದು 1948ರ ಮಾತು. ನಮ್ಮ ರಾಜ್ಯದ ಕಾಯಿದೆ 1965ರದು. ಮರುವರ್ಷ ಜಾರಿಗೆ ಬಂದಿತು. ಅಂದಿನಿಂದ ಪುಸ್ತಕವನ್ನು ಎರವು ಪಡೆಯುವುದು ದೊಡ್ಡವರ ದಯೆಯಾಗಿ ಉಳಿಯದೆ ಸಾಮಾನ್ಯ ಸಂಸಾರಿಯ ಹಕ್ಕಾಯಿತು.

ನಾವಿರುವ ಟಿ. ದಾಸರಹಳ್ಳಿಯನ್ನು ಕಂಡರಿಯದ ವಾಚಕರಿಗಾಗಿ ಊರಿನ ವಿಚಾರವನ್ನು ಸ್ವಲ್ಪ ಹೇಳಬೇಕು. ಇದು ತುಮಕೂರಿನ ಹೆದ್ದಾರಿಯ ಮೇಲಿನ ಹಳ್ಳಿ. ನೆರೆಯ ಜಾಲಹಳ್ಳಿಗೆ 1950ರ ದಶಕದಲ್ಲಿ ದೊಡ್ಡ ಸರಕಾರಿ ಕಾರ್ಖಾನೆಗಳು ಬಂದುವು. 1970ರ ದಶಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಲೇತು ತಿರುಗಿಸುವವರು, ಅಚ್ಚು ಕೊರೆಯುವವರು, ಬಟ್ಟೆ ಹೊಲಿಯುವವರು ರಾಜ್ಯದ ಮೂಲೆಮೂಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದು ದಾಸರಹಳ್ಳಿ, ಬಾಗಲಗುಂಟೆ, ಮಲ್ಲಸಂದ್ರ, ಚೊಕ್ಕಸಂದ್ರಗಳಲ್ಲಿ ಬಿಡಾರ ಮಾಡಿದರು. ಹಳ್ಳಿಯು ನಗರಸಭೆಯಾಯಿತು, 2007ರಲ್ಲಿ ಮಹಾನಗರದೊಳಗೆ ಸೇರಿಹೋಯಿತು, 2015ರಲ್ಲಿ ಮೆಟ್ರೊ ರೈಲು ನೆತ್ತಿಯ ಮೇಲೆ ಓಡಲಾರಂಭಿಸಿತು. ಇಲ್ಲಿಯ ಜನರು ಹಗಲೆಲ್ಲಾ ವಸ್ತುಗಳನ್ನು ತಯಾರಿಸುವವರು. ಆದರೆ ಆ ವಸ್ತುಗಳಲ್ಲಿ ಇದು ತನ್ನದೆಂದು ಹೇಳಿಕೊಳ್ಳುವಂಥದು ಯಾರಿಗೂ ಇಲ್ಲ. ಒಬ್ಬನು ದಿನವೆಲ್ಲಾ ತೂತು ಕೊರೆಯುವನು, ಮತ್ತೊಬ್ಬನು ಆ ತೂತಿಗೆ ತಿರುಪು ಹಾಕುವನು. ಒಬ್ಬಳು ಕತ್ತುಪಟ್ಟಿಯನ್ನೇ ಹೊಲಿಯುವಳು, ಇನ್ನೊಬ್ಬಳು ಗುಂಡಿಯ ಕಾಜನ್ನೇ. ಪೂರ್ತಿಯಾದ ಅಂಗಿಯನ್ನು ಅವರು ಕಾಣುವುದು ಅಂಗಡಿಯ ಗಾಜಿನ ಆಚೆ.

ಇಂಥ ಊರಿನಲ್ಲಿ ಪುಸ್ತಕಭಂಡಾರದ ಮಾತೆತ್ತಿದರೆ, ಓದುವುದಕ್ಕೆ ಪುರಸತ್ತಾದರೂ ಎಲ್ಲಿದೆಯೆಂಬ ಪ್ರಶ್ನೆ ಮೊದಲು ಬರುವುದು. ಈ ಪ್ರಶ್ನೆಯ ಹಿಂದೆ ಒಂದು ಭಾವನೆಯುಂಟು: ಓದುವುದೆಂದರೆ ಕಾಲು ನೀಡಿಕೊಂಡು ಸುಮ್ಮನೆ ಕುಳಿತಿರುವುದು, ಕೈಗೆ ಕೆಲಸವಿಲ್ಲದವರ ಕಾಲಕ್ಷೇಪ, ಎಂದು. ನಮ್ಮ ಅನುಭವ ಇದಕ್ಕೆ ವಿರುದ್ಧವಾಗಿದೆ. ಎರವು ತಂದ ಪುಸ್ತಕವು ಮನೆಯೊಳಗೆ ಬಂದೊಡನೆಯೇ ಯಾರಾದರೊಬ್ಬರ ಕೈಗೆ ಕೆಲಸ ಹಚ್ಚುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ.

ರಂಗೋಲಿಯ ಪುಸ್ತಕವನ್ನೇ ತೆಗೆದುಕೊಳ್ಳೋಣ. ಪಂಡಿತರು ಇದನ್ನು ಪುಸ್ತಕವೆಂದೇ ಎಣಿಸುವುದಿಲ್ಲ, ಅದಿರಲಿ. ಅದರಲ್ಲಿ ಹದಿನೈದು ಚುಕ್ಕಿಯಿಂದ ಎಂಟರವರೆಗೆ ಸಂದುಚುಕ್ಕಿಯ ಒಂದು ಚಿತ್ರವಿದೆ ಎಂದಿಟ್ಟುಕೊಳ್ಳಿ. ನಡುವಿನ ಸಾಲಿನಲ್ಲಿ ಹದಿನೈದು, ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಮೆಯಾಗುತ್ತಾ ಎಂಟು. ಒಟ್ಟು 169 ಚುಕ್ಕಿ. ಇದು ಹಳ್ಳಿಯ ಹಜಾರದ ಮುಂದಿನ ಅಂಗಳಕ್ಕೆ ಸರಿ. ನಮ್ಮ ಬೀದಿಯಲ್ಲಿ ಬಾಗಿಲ ಮುಂದೆ ಇರುವುದೇ ಎರಡು ಮೊಳ. ಅದರಲ್ಲಿಯೂ ಒಂದು ಸ್ಕೂಟರು ನಿಂತಿರುವುದು. ಆದಕಾರಣ ಮನೆಯಾಕೆ ಅದೇ ಚಿತ್ರವನ್ನು ಏಳರಿಂದ ನಾಲ್ಕಕ್ಕೆ ಇಳಿಸಬೇಕು. ಆಗ ಚುಕ್ಕಿಗಳು 37. ಯಾವ ಎಳೆಯನ್ನು ಬಿಡುವುದು, ಯಾವ ದಳವನ್ನು ಮಡಿಸುವುದು, ಮೂಲೆಗಳ ನವಿಲನ್ನು ಇಟ್ಟುಕೊಂಡರೆ ನಡುವಿನ ತಾವರೆಗೆ ಸ್ಥಳವೆಲ್ಲಿ, ಎಂಬುದೆಲ್ಲಾ ಅವಳ ಯೋಚನೆ. ಹಳೆಯ ದಿನಚರಿ ಪುಸ್ತಕದ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ನಾಲ್ಕಾರು ಸಲ ಬರೆದು ಅಳಿಸಿ, ಮರುದಿನ ಬೆಳಗಿನ ಜಾವ ನೆಲದ ಮೇಲೆ ಅವಳು ಬಿಡಿಸಿದ್ದು ಪುಸ್ತಕದ ಚಿತ್ರವಲ್ಲ, ಅವಳದೇ ಚಿತ್ರ. ಇದನ್ನು ಹೆಂಗಸರ ಆಟವೆಂದು ನಗುವವರಿಗೆ ಒಂದು ಸಂಗತಿ: ಮದರಾಸಿನ ಕ್ರಿಶ್ಚಿಯನ್ ಕಾಲೇಜಿನ ಗಣಿತವಿದ್ವಾಂಸರು 1970ರ ದಶಕದಲ್ಲಿ ತಮಿಳುನಾಡಿನ ಕೋಲಗಳನ್ನು ಭಾಷೆಯ ವ್ಯಾಕರಣದಂತೆ ಪರಿಶೀಲಿಸಿ, ಯಾವ ಯಾವ ಸೂತ್ರಗಳಿಂದ ಆ ಚಿತ್ರಗಳು ಬೆಳೆಯುವುವೆಂದು ಲೇಖನಗಳನ್ನು ಬರೆದರು. ಆ ಸೂತ್ರವನ್ನು ನಮ್ಮ ನೆರೆಮನೆಯಾಕೆ ಸೂರ್ಯೋದಯಕ್ಕೆ ಮುಂಚೆ ಪೊರಕೆಯನ್ನು ಕಂಕುಳಲ್ಲಿಟ್ಟುಕೊಂಡೇ ಬಿಡಿಸಿ ಮುಗಿಸಿರುವಳು.

ಅಡುಗೆಯ ಪುಸ್ತಕವೂ ಹಾಗೆಯೇ. ಅಳತೆ ಅವರದು, ಕೈ ನಮ್ಮದು. ಅಡುಗೆ, ಗಿಡ, ಬಾವಿ, ಮದ್ದು ಇವೆಲ್ಲಾ ವಿದ್ಯೆಯ ಪಂಕ್ತಿಗೆ ಸೇರಿದುವಲ್ಲವೆಂಬ ತಾತ್ಸಾರ ಈಚಿನದು. ನಮ್ಮ ಹಿರಿಯರಲ್ಲಿ ಅದಿರಲಿಲ್ಲ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವೆಂಬ ಗ್ರಂಥವನ್ನು ಕನ್ನಡ ಪದ್ಯದಲ್ಲಿ ರಚಿಸಿದನು. ಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಇವನು ಬೇರೆ. ಮನೆ ಕಟ್ಟುವ ಬಗೆ, ಭೂಮಿಯಲ್ಲಿ ನೀರಿನ ನೆಲೆಯನ್ನು ಗುರುತಿಸುವ ಬಗೆ, ಗಿಡಮರಗಳ ಪೋಷಣೆ, ಸುಗಂಧದ್ರವ್ಯ, ಅಡುಗೆ, ವೈದ್ಯ, ಎಲ್ಲವೂ ಅದರಲ್ಲಿ ಉಂಟು. ಮುಂದೆ ಮೂರನೆಯ ಮಂಗರಸನು ಅಡುಗೆಗೆಂದೇ ‘ಸೂಪಶಾಸ್ತ್ರ’ವನ್ನು ಬರೆದನು. ಕೈತೋಟ, ಪಾಕ, ಮನೆಮದ್ದುಗಳನ್ನು ಅಚ್ಚು ಹಾಕುವ ಇಂದಿನ ಕುಟುಂಬ ಮಾಸಪತ್ರಿಕೆಗಳಿಗೆಲ್ಲಾ ಚಾವುಂಡರಾಯನನ್ನೇ ಮೂಲಪುರುಷನೆಂದು ಕರೆದರೆ ತಪ್ಪಾಗದು.

ಮಕ್ಕಳ ವಿಷಯವನ್ನು ಬೆಳೆಸುವುದಿಲ್ಲ. ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲಪ್ರಪಂಚ’ದ ಮೂರು ಸಂಪುಟಗಳು, ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’, ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ ನಿಘಂಟು, ಇಂಥವನ್ನು ಕೊಂಡು ಇಡಲು ಹತ್ತಡಿಯ ಕೋಣೆಯ ಸಂಸಾರಕ್ಕೆ ಹಣವೂ ಇಲ್ಲ, ಗೋಡೆಯೂ ಇಲ್ಲ. ಪುಸ್ತಕಭಂಡಾರವೇ ಅವರ ಹೆಚ್ಚಿನ ಗೋಡೆ.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ವಿಜಯಪುರ ಜಿಲ್ಲೆಯವಳು. ಇನ್ನೂ ಮೂವರು ಹುಡುಗಿಯರೊಡನೆ ಒಂದು ಕೋಣೆಯಲ್ಲಿದ್ದುಕೊಂಡು, ಗಾರ್ಮೆಂಟ್ಸ್ ಎಂದು ಎಲ್ಲರೂ ಕರೆಯುವ ಉಡುಪಿನ ಕಾರ್ಖಾನೆಯೊಂದರಲ್ಲಿ ಹೊಲಿಗೆಯ ಯಂತ್ರದ ಮುಂದೆ ದುಡಿಯುತ್ತಾಳೆ. ಏಳನೆಯ ತರಗತಿಯವರೆಗೆ ಓದಿದ್ದಾಳೆ, ಅಕ್ಷರ ಮರೆತಿಲ್ಲ. ನಾವು ಒಂದು ಭಾನುವಾರ ಶಾಖಾ ಗ್ರಂಥಾಲಯಕ್ಕೆ ಹೊರಟಿದ್ದಾಗ, ಒಳಗೆ ಹೋಗುವುದಕ್ಕೆ ಎಷ್ಟು ರೊಕ್ಕ ಕೊಡಬೇಕೆಂದು ಕೇಳಿದಳು. ಏನೂ ಕೊಡಬೇಕಾಗಿಲ್ಲವೆಂದು ಕೇಳಿ ನಂಬದೆಯೇ ಜೊತೆಗೆ ಬಂದಳು. ಜಾನಪದದ ಕಪಾಟಿನ ಮುಂದೆ ನಿಂತು, ಯಾವುದನ್ನು ಮುಟ್ಟಬಹುದು ಯಾವುದನ್ನು ಮುಟ್ಟಬಾರದೆಂದು ತಿಳಿಯದೆ, ಕೊನೆಗೆ ಒಂದು ಪುಸ್ತಕವನ್ನು ಎಳೆದುಕೊಂಡಳು. ಅದು ‘ಗರತಿಯ ಹಾಡು’.

ಈ ಪುಸ್ತಕದ ಕಥೆಯನ್ನು ಕೆಲವು ವಾಚಕರು ಬಲ್ಲರು. ಅವಳದೇ ಜಿಲ್ಲೆಯ ಹಲಸಂಗಿಯೆಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದ ತರುಣರ ಒಂದು ಗೆಳೆಯರ ಗುಂಪಿತ್ತು. ಹಲಸಂಗಿ ಗೆಳೆಯರೆಂದು ಅವರಿಗೆ ಹೆಸರು. ಊರ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಗಳನ್ನು ಅವರು ಸಂಗ್ರಹಿಸಿ, ಹೊಂದಿಸಿ, 1931ರಲ್ಲಿ ಅಚ್ಚು ಹಾಕಿಸಿದರು. ಕನ್ನಡದ ಕವಿಗಳೂ ಪಂಡಿತರೂ ಅದನ್ನು ಓದಿ ಬೆರಗಾದರು. ಸಭೆಗಳಲ್ಲಿ ಅದರ ಮೇಲೆ ಭಾಷಣಗಳಾದುವು, ಕಾಲೇಜುಗಳಲ್ಲಿ ಪಾಠಗಳಾದುವು. ಆದರೆ ಆ ಹಾಡುಗಳನ್ನು ಕಟ್ಟಿದ ಹೆಂಗಸರಿಗೆ ಪುಸ್ತಕವನ್ನು ಓದುವ ಯೋಗವಿರಲಿಲ್ಲ; ಬಹುಮಂದಿಗೆ ಅಕ್ಷರವೇ ಇರಲಿಲ್ಲ.

ನಮ್ಮ ಹುಡುಗಿ ನಿಂತಲ್ಲೇ ಎರಡು ಪುಟ ಓದಿದಳು. ತುಟಿ ಅಲುಗಾಡುತ್ತಿತ್ತು. ಓದುತ್ತಿದ್ದಾಳೆಂದು ನಾವು ತಿಳಿದೆವು; ಹತ್ತಿರ ಹೋದಾಗ ಸಣ್ಣ ದನಿಯಲ್ಲಿ ರಾಗ ಕೇಳಿಸಿತು. ಆಮೇಲೆ ನಮ್ಮ ಕಡೆಗೆ ತಿರುಗಿ ಹೇಳಿದಳು: “ಅಕ್ಕಾರ, ಇದು ನಮ್ಮ ಆಯಿ ಬೀಸೂಮುಂದ ಹಾಡತಿದ್ದ ಹಾಡರಿ. ಖರೆ, ಇದರಾಗ ಒಂದ್ ನುಡಿ ಇಲ್ಲ ನೋಡ್ರಿ.”

ಆ ಒಂದು ನುಡಿ ಅವಳಿಗೂ ಪೂರ್ತಿಯಾಗಿ ನೆನಪಿರಲಿಲ್ಲ. ಆಯಿ ತೀರಿಕೊಂಡು ಬಹಳ ವರ್ಷಗಳಾಗಿದ್ದುವು. ಅಂದು ರಾತ್ರಿ ಊರಿನಲ್ಲಿದ್ದ ತಾಯಿಗೆ ಫೋನು ಮಾಡಿ ಕೇಳಿದಳಂತೆ. ತಾಯಿ, ಆ ಹಾಡು ಈಗೇಕೆ, ಯಾರಾದರೂ ಕೇಳಿದರೆ ನಕ್ಕಾರು, ಎಂದು ಮೊದಲು ಸಂಕೋಚಪಟ್ಟಳಂತೆ. ಅಚ್ಚಾದ ಪುಸ್ತಕದಲ್ಲಿ ಅದು ಇದೆಯೆಂದು ಮಗಳು ಹೇಳಿದ ಮೇಲೆ, ಬಹಳ ಹೊತ್ತು ಸುಮ್ಮನಿದ್ದು, ಆ ನುಡಿಯನ್ನು ಹಾಡಿದಳಂತೆ. ಅದರ ಹಿಂದೆ ಪುಸ್ತಕದಲ್ಲಿ ಇಲ್ಲದ ಮತ್ತೆ ನಾಲ್ಕು. ಹುಡುಗಿ ನೂರು ಹಾಳೆಯ ಒಂದು ನೋಟುಪುಸ್ತಕವನ್ನು ಕೊಂಡು, ಪ್ರತಿ ಶನಿವಾರ ರಾತ್ರಿ ತಾಯಿ ಹೇಳಿದ್ದನ್ನು ಬರೆದುಕೊಳ್ಳತೊಡಗಿದಳು. ನಾವು ಕಳೆದ ವಾರ ನೋಡಿದಾಗ ಅದರಲ್ಲಿ ಮೂವತ್ತಕ್ಕೆ ಮೇಲ್ಪಟ್ಟು ಹಾಡುಗಳಿದ್ದುವು. ಕೆಲವನ್ನು ಯಾರು ಹಾಡುತ್ತಿದ್ದರೆಂದು ಪಕ್ಕದಲ್ಲಿ ಬರೆದಿದ್ದಾಳೆ: ದೊಡ್ಡವ್ವ, ಬಳೆಗಾರರ ಮನೆಯಾಕೆ, ನೆರೆಮನೆಯ ಮುದುಕಿ. ಕೋಣೆಯ ಇತರ ಹುಡುಗಿಯರು, ಒಬ್ಬಳು ಹಾವೇರಿಯವಳು, ಇಬ್ಬರು ರಾಯಚೂರಿನ ಕಡೆಯವರು, ತಮ್ಮ ಊರಿನ ಹಾಡುಗಳನ್ನೂ ಸೇರಿಸಬೇಕೆಂದು ಹಟ ಹಿಡಿದಿರುವರು.

ವಾಚಕರು ಇದನ್ನು ಸಣ್ಣ ವಿಷಯವೆಂದು ತಿಳಿಯಬಾರದು. ಬೀಸುವ ಹಾಡು ಬೀಸುವ ಕಲ್ಲಿನ ಸಂಗಡ ಬದುಕಿದ್ದ ಹಾಡು. ಎದುರುಬದುರಾಗಿ ಕುಳಿತ ಇಬ್ಬರು ಹೆಂಗಸರು, ಕೋಳಿ ಕೂಗುವುದಕ್ಕೆ ಮುಂಚಿನ ಕತ್ತಲೆ, ಕಲ್ಲಿನ ಒಂದೊಂದು ಸುತ್ತಿಗೆ ಸರಿಯಾಗಿ ಬರುವ ಮೂರು ಸಾಲು. ತೌರುಮನೆಯ ಹಂಬಲವನ್ನು, ಅತ್ತೆಯ ಮಾತಿನ ನೋವನ್ನು, ಕೂಸಿನ ಮೇಲಿನ ಮುದ್ದನ್ನು ಯಾರೆದುರಿಗೂ ಹೇಳಲಾರದವಳು ಕಲ್ಲಿನೆದುರಿಗೆ ಹೇಳಿದಳು. ಹಿಟ್ಟಿನ ಗಿರಣಿ ಬಂದ ಮೇಲೆ ಹೆಂಗಸರ ರಟ್ಟೆಗೆ ವಿಶ್ರಾಂತಿ ದೊರೆಯಿತು. ಅದು ಒಳ್ಳೆಯದೇ ಆಯಿತು, ಬೀಸುವ ಕಲ್ಲು ಮತ್ತೆ ಬರಲೆಂದು ಹಾರೈಸುವವರಲ್ಲಿ ನಾವಿಲ್ಲ. ಆದರೆ ಹಾಡಿಗೆ ಹೊತ್ತಿಲ್ಲವಾಯಿತು. ಈ ಹುಡುಗಿ ಕುಳಿತುಕೊಳ್ಳುವ ಕಾರ್ಖಾನೆಯಲ್ಲಿ ನೂರಾರು ಯಂತ್ರಗಳ ಸದ್ದಿನಲ್ಲಿ ಪಕ್ಕದವಳ ಮಾತೇ ಕೇಳಿಸದು, ಹಾಡೆಲ್ಲಿಂದ ಬರಬೇಕು? ಅಜ್ಜಿ ಕಟ್ಟಿದ್ದು, ತಾಯಿ ಮುಚ್ಚಿಟ್ಟದ್ದು, ಮಗಳಿಗೆ ಮರೆತದ್ದು; ಊರಿನಿಂದ ಐನೂರು ಕಿಲೋಮೀಟರಿನಷ್ಟು ದೂರದಲ್ಲಿ, ಪೀಣ್ಯದ ಮಗ್ಗುಲಲ್ಲಿ, ಸರಕಾರದ ಒಂದು ಮರದ ಕಪಾಟಿನಿಂದ ಅವಳ ಕೈಗೆ ಮರಳಿ ಬಂದಿತು. ಬಂದದ್ದು ಅಲ್ಲಿಗೇ ನಿಲ್ಲದೆ, ಪುಸ್ತಕಕ್ಕೂ ಗೊತ್ತಿಲ್ಲದ ನುಡಿಗಳನ್ನು ತಾಯಿಯ ಬಾಯಿಂದ ಹೊರಡಿಸಿತು. ಆ ತಾಯಿಗೆ ವಯಸ್ಸಾಗಿದೆ. ಈ ಕೆಲಸ ಇನ್ನು ಹತ್ತು ವರ್ಷ ತಡವಾಗಿದ್ದರೆ ಹೇಗಾಗುತ್ತಿತ್ತೆಂದು ಯೋಚಿಸಲು ನಮಗೆ ಧೈರ್ಯವಿಲ್ಲ.

ಓದುಗನು ಪುಸ್ತಕವನ್ನು ಅರಸುವಂತೆ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗನಿರುತ್ತಾನೆ, ಇಬ್ಬರನ್ನೂ ಒಂದುಗೂಡಿಸುವುದೇ ಗ್ರಂಥಪಾಲನ ಕೆಲಸ, ಎಂಬುದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಡಾ. ಎಸ್. ಆರ್. ರಂಗನಾಥನ್. ಅವರ ಪಂಚಸೂತ್ರಗಳ ಗ್ರಂಥವೂ ‘ಗರತಿಯ ಹಾಡು’ ಅಚ್ಚಾದ 1931ರಲ್ಲಿಯೇ ಹೊರಬಂದದ್ದು ನಮಗೆ ಬಹಳ ಇಷ್ಟವಾದ ಕಾಕತಾಳೀಯ. ರಂಗನಾಥನ್ನರು 1892ರಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಹುಟ್ಟಿ, ಗಣಿತದ ಅಧ್ಯಾಪಕರಾಗಿದ್ದು, 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಬಂದ ಕೆಲವೇ ದಿನಗಳಲ್ಲಿ ಬೇಸರವಾಗಿ, ಪಾಠ ಹೇಳುವ ಕೆಲಸವನ್ನೇ ಮತ್ತೆ ಕೊಡಿರೆಂದು ಕೇಳಿದ್ದರಂತೆ. ಅವರನ್ನು ಲಂಡನ್ನಿಗೆ ಕಳುಹಿಸಿದರು. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟಿಕೆಯನ್ನು ಮಾರುವವನು ಜೋಡಿಸಿ ತೋರಿಸುತ್ತಿದ್ದನು. ತೂತುಗಳುಳ್ಳ ಪಟ್ಟಿಗಳು, ಚಕ್ರಗಳು, ತಿರುಪುಗಳು; ಅವೇ ತುಂಡುಗಳಿಂದ ಒಮ್ಮೆ ಗಾಡಿ, ಒಮ್ಮೆ ಸೇತುವೆ. ಇದನ್ನು ಕಂಡ ಗಣಿತದ ಮೇಷ್ಟರಿಗೆ, ಪುಸ್ತಕಗಳ ವಿಷಯಗಳನ್ನೂ ಹೀಗೆಯೇ ತುಂಡುತುಂಡಾಗಿ ಇಟ್ಟುಕೊಂಡು ಬೇಕಾದಂತೆ ಜೋಡಿಸಬಹುದಲ್ಲವೆ ಎಂಬ ಯೋಚನೆ ಹೊಳೆಯಿತು. 1933ರಲ್ಲಿ ಪ್ರಕಟವಾಗಿ ಲೋಕಪ್ರಸಿದ್ಧವಾದ ಅವರ ದ್ವಿಬಿಂದು ವರ್ಗೀಕರಣದ ಬೀಜ ಇದು. ಮಕ್ಕಳ ಆಟಿಕೆಯಲ್ಲಿ ಒಂದು ಶಾಸ್ತ್ರವನ್ನು ಕಾಣುವುದಕ್ಕೆ ಆಡುವ ಮನಸ್ಸು ಬೇಕು. ಪೀಣ್ಯದಲ್ಲಿ ತಿರುಪು ನಟ್ಟುಗಳ ನಡುವೆ ಬದುಕುವವರಿಗೆ ಇದನ್ನು ಬಿಡಿಸಿ ಹೇಳತಕ್ಕದ್ದಿಲ್ಲ. ರಂಗನಾಥನ್ನರು 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಗ್ರಂಥಾಲಯ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ಇಲ್ಲಿ ಆರಂಭಿಸಿದರು, 1972ರಲ್ಲಿ ಇಲ್ಲಿಯೇ ತೀರಿಕೊಂಡರು.

ಅವರ ಕಾಲದ ಇನ್ನೊಂದು ಪ್ರಯತ್ನವನ್ನೂ ನೆನೆಯಬೇಕು. ಅದೇ 1931ರಲ್ಲಿ ಮನ್ನಾರ್‌ಗುಡಿಯ ಬಳಿ ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಂಥಾಲಯ ಹೊರಟಿತು. ನಮ್ಮಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಮನೆಮನೆಗೆ ನಡೆದರು. ಹೊಸ್ತಿಲನ್ನು ದಾಟಲಾರದ ಹೆಂಗಸರಿದ್ದ ಕಾಲದಲ್ಲಿ ಪುಸ್ತಕವೇ ಹೊಸ್ತಿಲಿಗೆ ಬರಬೇಕಾಗಿತ್ತು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ನಂಜನಗೂಡು ತಿರುಮಲಾಂಬನವರು ಮನೆಯಲ್ಲಿಯೇ ಓದಿ, ಬರೆದು, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಪ್ರಾರಂಭಿಸಿದ್ದನ್ನು ನೆನೆದರೆ, ಆ ಹೊಸ್ತಿಲು ಎಷ್ಟು ಎತ್ತರವಾಗಿತ್ತೆಂದು ಊಹಿಸಬಹುದು.

ಇಂದು ನಾವು ಹೊಸ್ತಿಲನ್ನು ದಾಟುತ್ತೇವೆ; ಕಾರ್ಖಾನೆಗ��� ಹೋಗುತ್ತೇವೆ, ಸಂತೆಗೆ ಹೋಗುತ್ತೇವೆ, ಮೆಟ್ರೊ ಹತ್ತುತ್ತೇವೆ. ಆದರೂ ಶಾಖಾ ಗ್ರಂಥಾಲಯಗಳಿಗೆ ಹೋಗಿ ನೋಡಿದರೆ, ಬೆಳಗಿನ ಹೊತ್ತು ದಿನಪತ್ರಿಕೆಯ ಮೇಜಿನ ಸುತ್ತ ಪಿಂಚಣಿ ಪಡೆಯುವ ಹಿರಿಯರು, ಆಮೇಲೆ ಸರಕಾರಿ ಕೆಲಸದ ಪರೀಕ್ಷೆಗೆ ಓದುವ ತರುಣ ತರುಣಿಯರು. ಇವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಮನೆಯಲ್ಲಿ ದೀಪದ ಕೆಳಗೆ ಜಾಗವಿಲ್ಲದ ಹುಡುಗನಿಗೆ ಅಲ್ಲಿಯ ಒಂದು ಕುರ್ಚಿ ಎಂಥ ಉಪಕಾರವೆಂದು ಬಲ್ಲೆವು. ಆದರೆ ಗೃಹಿಣಿಯರು ವಿರಳ, ಕಾರ್ಮಿಕ ಹೆಂಗಸರು ಇನ್ನೂ ವಿರಳ. ಬಾರದವರು ಏನನ್ನೂ ಕೇಳುವುದಿಲ್ಲ. ಕೇಳದ ಪುಸ್ತಕವನ್ನು ಯಾರೂ ತರಿಸುವುದಿಲ್ಲ. ತರಿಸದ ಪುಸ್ತಕವನ್ನು ಪ್ರಕಾಶಕನು ಎರಡನೆಯ ಸಲ ಅಚ್ಚು ಹಾಕುವುದಿಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯು ಕನ್ನಡ ಪುಸ್ತಕೋದ್ಯಮಕ್ಕೆ ದೊಡ್ಡ ಆಸರೆಯೆಂಬುದನ್ನು ಮರೆಯಬಾರದು. ಕಪಾಟಿನಲ್ಲಿ ಪರೀಕ್ಷೆಯ ಕೈಪಿಡಿಗಳೇ ಹೆಚ್ಚಾಗಿ, ಹಾಡು, ಕಸೂತಿ, ಕಥೆ, ಕೈತೋಟಗಳ ಸಾಲು ತೆಳ್ಳಗಾಗುತ್ತಾ ಬಂದರೆ, ಆ ಸಾಲನ್ನು ನಾವು ಯಾರೂ ಕೇಳದಿದ್ದುದೂ ಅದಕ್ಕೆ ಒಂದು ಕಾರಣ. ವಸೂಲಾದ ಉಪಕರವೆಲ್ಲಾ ಗ್ರಂಥಾಲಯಕ್ಕೆ ಸಂದಿಲ್ಲ, ಬಾಕಿ ಉಳಿದಿದೆ, ಎಂಬ ದೂರನ್ನು ವೃತ್ತಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಅದನ್ನು ಗಟ್ಟಿಯಾಗಿ ಕೇಳುವ ಅಧಿಕಾರ ಪುಸ್ತಕಭಂಡಾರದ ಮೆಟ್ಟಿಲು ಹತ್ತುವವರಿಗೆ ಸ್ವಲ್ಪ ಹೆಚ್ಚು ಒಪ್ಪುವುದೆಂದು ನಮ್ಮ ಅಭಿಪ್ರಾಯ.

ಮನೆಯಿಂದ ಕದಲಲಾರದವರಿಗಾಗಿ 2020ರಿಂದ ಸರಕಾರದ ಡಿಜಿಟಲ್ ಗ್ರಂಥಾಲಯವೂ ಉಂಟು, ಫೋನಿನಲ್ಲಿಯೇ ಓದಬಹುದು. ಉಪಯುಕ್ತವಾದುದೇ. ಆದರೆ ಬೇಕೆಂದು ಗೊತ್ತಿಲ್ಲದ ಪುಸ್ತಕವನ್ನು ಕಪಾಟಿನಿಂದ ಎಳೆದುಕೊಳ್ಳುವ ಸುಖ ಅದರಲ್ಲಿ ಕಡಮೆ. ನಮ್ಮ ಹುಡುಗಿ ‘ಗರತಿಯ ಹಾಡು’ ಬೇಕೆಂದು ಫೋನಿನಲ್ಲಿ ಹುಡುಕುತ್ತಿರಲಿಲ್ಲ. ಅಂಥ ಪುಸ್ತಕವೊಂದು ಇದೆಯೆಂದೇ ಅವಳಿಗೆ ತಿಳಿದಿರಲಿಲ್ಲ.

ಕಡೆಯದಾಗಿ ವ್ಯವಹಾರದ ನಾಲ್ಕು ಮಾತು. ಕುಳಿತು ಓದುವುದಕ್ಕೆ ಹಣವಿಲ್ಲ. ಮನೆಗೆ ತರಬೇಕಾದರೆ ವಿಳಾಸದ ಗುರುತಿನೊಡನೆ ಅರ್ಜಿ ಬರೆದುಕೊಟ್ಟು ಸಣ್ಣ ಠೇವಣಿ ಇಡಬೇಕು; ಸದಸ್ಯತ್ವವನ್ನು ಬಿಡುವಾಗ ಅದು ಹಿಂದಕ್ಕೆ ಬರುವುದು. ಎರವಿನ ಅವಧಿ ಸಾಮಾನ್ಯವಾಗಿ ಹದಿನೈದು ದಿನ. ತಂದ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು, ಚಿತ್ರದ ಮುಖ ಒಳಗಾಗುವಂತೆ, ಹೊದಿಕೆ ಹಾಕಿರಿ. ಅಡುಗೆಮನೆಯಲ್ಲಿ ಓದುವವರು ಎಣ್ಣೆಯ ಕೈಯನ್ನು ಮರೆಯದೆ ಒರಸಿಕೊಳ್ಳಿರಿ. ಬೇಕಾದ ಪುಸ್ತಕವಿಲ್ಲದಿದ್ದರೆ ಅದರ ಹೆಸರನ್ನೂ ಬರೆದವರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಗ್ರಂಥಪಾಲರ ಕೈಗೆ ಕೊಡಿರಿ. ಬಾಯಿಮಾತಿಗಿಂತ ಚೀಟಿ ಹೆಚ್ಚು ದಿನ ಬದುಕುವುದು. ಗ್ರಂಥಾಲಯಗಳಿಗೆ ಭಾನುವಾರ ರಜೆಯಿಲ್ಲ. ದುಡಿಯುವವರಿಗೆ ಬಿಡುವಿರುವ ದಿನವೇ ಅದು ತೆರೆದಿರಬೇಕೆಂದು ಯಾರೋ ಪುಣ್ಯಾತ್ಮರು ಯೋಚಿಸಿ ವಾರದ ರಜೆಯನ್ನು ಸೋಮವಾರಕ್ಕೆ ಇಟ್ಟಿದ್ದಾರೆ. ಅದಲ್ಲದೆ ತಿಂಗಳ ಎರಡನೆಯ ಮಂಗಳವಾರವೂ ಸಾರ್ವತ್ರಿಕ ರಜೆಗಳಲ್ಲಿಯೂ ಬಾಗಿಲು ಮುಚ್ಚಿರುವುದು. ಆ ಹುಡುಗಿಯೂ ಅವಳ ಕೋಣೆಯವರೂ ಬರುವ ಭಾನುವಾರ ಬಟ್ಟೆ ಒಗೆದು ಮುಗಿಸಿದ ಮೇಲೆ ಹೊರಡುವುದೆಂದು ನಿಶ್ಚಯವಾಗಿದೆ. ಹಾವೇರಿಯವಳಿಗೆ ಕಸೂತಿಯ ಪುಸ್ತಕ ಬೇಕಂತೆ.